ಕುರ್ಚಿ ಇಳಿಸಬೇಡಿ, ಕಾಲಡಿಗೆ ಪೇಪರ್ ಬಂಡಲ್ ಇಡಿ

ಕಂಪ್ಯೂಟರ್ ಮುಂದೆ ಕೂತಾಗ ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಒಡೆಯದ ಎ4 ಪೇಪರ್ ಬಂಡಲ್ ಒಂದೋ ಎರಡೋ ಕಾಲಡಿಗೆ ಇಟ್ಟುಕೊಳ್ಳಿ. 500 ಹಾಳೆಯ ಬಂಡಲ್ ಸುಮಾರು 5 ಸೆಂ.ಮೀ. ದಪ್ಪ ಇರುತ್ತದೆ, ಯಾವ ಆಫೀಸಿನಲ್ಲೂ ಸಿಗುತ್ತದೆ. ಸ್ವಲ್ಪ ಕುಳ್ಳಗಿರುವವರು ಮೊಣಕೈ ಕೀಬೋರ್ಡ್ ಮಟ್ಟಕ್ಕೆ ಬರಲಿ ಅಂತ ಕುರ್ಚಿ ಏರಿಸಿದರೆ ಕಾಲು ತೂಗಾಡುತ್ತವೆ, ಅಲ್ವಾ? ಆಗ ಸೀಟಿನ ಅಂಚು ತೊಡೆಯ ಕೆಳಭಾಗವನ್ನು ಒತ್ತುತ್ತದೆ. ಕಾಲಿನ ರಕ್ತ ಸರಾಗವಾಗಿ ಮೇಲಕ್ಕೆ ಹೋಗುವುದಿಲ್ಲ, ಶಿಫ್ಟ್ ಮುಗಿಯುವಷ್ಟರಲ್ಲಿ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ. ಹಾಗಂತ ಕುರ್ಚಿ ಇಳಿಸಿದರೆ ಹೆಗಲೆತ್ತಿ ಟೈಪ್ ಮಾಡಬೇಕು, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಎತ್ತರ ಜಾಸ್ತಿಯಾಗಿದೆ, ಒಂದು ಬಂಡಲ್ ತೆಗೆಯಿರಿ. ಟೈಲ್ಸ್ ಮೇಲೆ ಜಾರಿದರೆ ಕೆಳಗೊಂದು ಹಳೇ ಕಾಲೊರಸು ಹಾಕಿ. ಆದರೆ ಎದ್ದೇಳದೆ ಕೂತೇ ಇದ್ದರೆ ಇದೊಂದೇ ಸಾಲದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲೇಬೇಕು. ದಿನಾ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವವರು ರೈಲಿನಲ್ಲೂ ಕೂತೇ ಇರುತ್ತಾರೆ, ಅವರಿಗಂತೂ ಇದು ಇನ್ನೂ ಮುಖ್ಯ. ಒಂದೇ ಕಾಲು ಊದಿ ನೋಯುತ್ತಿದ್ದರೆ ಬಂಡಲ್ ನಂಬಿಕೊಂಡು ಸುಮ್ನೆ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.