ನಮ್ಮ ನಾಯಿ ಕರಿಯನ ಕಜ್ಜಿ ವಾಸಿಯಾಗಿದ್ದು ಹೀಗೆ

ಮೊದಲು ಕಿವಿಯ ಅಂಚು, ಆಮೇಲೆ ಮೊಣಕೈ. ಕೂದಲು ಉದುರಿ ಹಕ್ಕಳೆ ಕಟ್ಟಿತು, ರಾತ್ರಿಯೆಲ್ಲ ಕೆರೆತ, ಪಾಪ ನಿದ್ದೆಯೇ ಇಲ್ಲ. ನಾನು ಎರಡು ವಾರ ಸುಮ್ನೆ ಬೇವಿನೆಣ್ಣೆ ಹಚ್ಚುತ್ತಾ ಕೂತೆ, ಅಷ್ಟರಲ್ಲಿ ನನ್ನ ಕೈಗೂ ತುರಿಕೆ ಬಂತು, ಆಗಲೇ ಭಯವಾಗಿ ಅವನನ್ನು ಕರೆದುಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ಅವನ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಸಾರ್ಕಾಪ್ಟಿಸ್ ಅನ್ನೋ ನುಸಿ.

ತೂಕ ನೋಡಿ ಸಾರೊಲೇನರ್ ಅನ್ನೋ ನುಸಿ ಕೊಲ್ಲುವ ಮಾತ್ರೆ ಕೊಟ್ಟರು, ತಿಂಗಳಿಗೊಂದರಂತೆ 2. ಜೊತೆಗಿರುವ ಇನ್ನೊಂದು ನಾಯಿಗೆ ಲಕ್ಷಣ ಇಲ್ಲದಿದ್ದರೂ ಕೊಟ್ಟೆವು. ಅವು ಮಲಗುವ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆದೆ. ಕೆರೆತ ನಿಂತಿತೆಂದು ಎರಡನೇ ಮಾತ್ರೆ ಬಿಡಲಿಲ್ಲ. ಈಗ ಹೊಸ ಕೂದಲು ಬಂದಿದೆ, ನನ್ನ ತುರಿಕೆಯೂ ಹೋಯಿತು.

ಹಳೆ ಎಂಜಿನ್ ಆಯಿಲ್ ಹಚ್ಚಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ, ನೆಕ್ಕಿದರೆ ವಿಷ. ಐವರ್‌ಮೆಕ್ಟಿನ್ ಅನ್ನೋ ಹುಳ-ನುಸಿಯ ಔಷಧಿ ಕೂಡ ನೀವೇ ಕೊಡಬೇಡಿ, ಕೋಲಿಯಂಥ ತಳಿಗಳಿಗೆ ಅದು ಪ್ರಾಣಕ್ಕೇ ಅಪಾಯ.