ಮಕರವನ್ನು ಆರಿಸಿಕೊಂಡ ಬಗೆ: ಒಂದು ಲಿನೋಕಟ್‌ನ ಅನುಭವ

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಒಂದು ದೊಡ್ಡ ಲಿನೋಕಟ್ (ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಬಳಿದು ತೆಗೆಯುವ ಅಚ್ಚು) ಮುದ್ರಿಸಬೇಕು, ಅದರಲ್ಲಿ ನಮ್ಮ ಪುರಾಣಗಳ ಒಂದು ಕಲ್ಪಿತ ಪ್ರಾಣಿ ಇರಬೇಕು ಎಂದು ನಾನು ನಿಶ್ಚಯಿಸಿಕೊಂಡದ್ದು ಹಿಂದಿನ ಮಳೆಗಾಲದ ಕೊನೆಯಲ್ಲಿ. ಹಾಳೆಯನ್ನು ಕೆತ್ತುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಯಾವ ಪ್ರಾಣಿಯನ್ನು ಕೆತ್ತಬೇಕೆಂದು ತೀರ್ಮಾನಿಸುವುದಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಬೇಕಾಯಿತು.

ಮೊದಲು ಮನಸ್ಸಿಗೆ ಬಂದದ್ದು ಗಂಡಭೇರುಂಡ. ಕನ್ನಡ ನಾಡಿನಲ್ಲಿ ಅದರ ವಂಶಾವಳಿ ದೊಡ್ಡದು. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದ ಹಕ್ಕಿ. ಮುಂದೆ ಮೈಸೂರು ಅರಸರ ಲಾಂಛನ, ಈಗ ರಾಜ್ಯದ ಲಾಂಛನ. ಐದಾರು ಕರಡುಗಳನ್ನು ಬರೆದ ಮೇಲೆ ತೊಡಕು ಏನೆಂದು ತಿಳಿಯಿತು. ಕರಡನ್ನು ನೋಡಿದವರೆಲ್ಲರೂ ಕ್ಷಣದಲ್ಲಿ ಗುರುತು ಹಿಡಿದು, ಗುರುತು ಹಿಡಿದ ಕೂಡಲೇ ನೋಡುವುದನ್ನು ನಿಲ್ಲಿಸುತ್ತಿದ್ದರು. ಕಚೇರಿಯ ಕಾಗದಗಳ ಮೇಲೆ ದಿನವೂ ಕಾಣುವ ಆಕೃತಿಯನ್ನು ಕಣ್ಣು ಮತ್ತೆ ಓದುವುದಿಲ್ಲ. ಅದಲ್ಲದೆ ಅದರ ಎಡ ಬಲ ಎರಡೂ ಒಂದೇ ಆದ್ದರಿಂದ ಅರ್ಧ ಕೆತ್ತಿದರೆ ಉಳಿದರ್ಧ ಬರಿಯ ನಕಲಾಗುತ್ತದೆ. (ಅದೇ ಲಾಂಛನದ ಎರಡೂ ಬದಿಗೆ ಸಿಂಹದ ಮೈಗೆ ಆನೆಯ ತಲೆಯನ್ನು ಹೊತ್ತ ಗಜಕೇಸರಿಗಳು ನಿಂತಿವೆ, ಅವುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲವೆಂಬ ಬೇಸರ ನನಗಿದೆ.)

ಸಿಂಹವೂ ಹಕ್ಕಿಯೂ ಬೆರೆತ ಶರಭವನ್ನು ಬೇರೆ ಕಾರಣಕ್ಕೆ ಬಿಟ್ಟೆ. ಶೈವ ಕಥೆಯಲ್ಲಿ ಉಗ್ರನರಸಿಂಹನನ್ನು ಶರಭ ಅಡಗಿಸುತ್ತದೆ. ವೈಷ್ಣವರು ಹೇಳುವ ಕಥೆಯಲ್ಲಿ ನರಸಿಂಹನೇ ಗಂಡಭೇರುಂಡನಾಗಿ ಶರಭವನ್ನು ಎದುರಿಸುತ್ತಾನೆ. ಇವುಗಳಲ್ಲಿ ಯಾವುದನ್ನು ಬರೆದರೂ ಒಂದು ಪಕ್ಷ ಹಿಡಿದಂತಾಗುತ್ತದೆ, ಚಿತ್ರಕ್ಕಿಂತ ವಾದವೇ ಮುಂದಾಗುತ್ತದೆ. ಒಡಿಯಾ ಭಾಷೆಯಲ್ಲಿ ಸಾರಳಾದಾಸನು ಬರೆದ ಮಹಾಭಾರತದ ನವಗುಂಜರವಂತೂ ನನ್ನನ್ನು ಬಹಳ ದಿನ ಕಾಡಿತು. ಕೋಳಿಯ ತಲೆ, ನವಿಲಿನ ಕೊರಳು, ಹಾವಿನ ಬಾಲವುಳ್ಳ, ಒಂದು ಕಾಲಿನ ಬದಲು ಮನುಷ್ಯನ ಕೈಯನ್ನು ಚಾಚಿದ ಆ ರೂಪವನ್ನು ಒಡಿಶಾದ ಸಾಂಪ್ರದಾಯಿಕ ಪಟಚಿತ್ರದ ಕಲಾವಿದರು ತಲೆಮಾರುಗಳಿಂದ ಬರೆದು ಪಕ್ವಗೊಳಿಸಿದ್ದಾರೆ. ನಾನು ಅದರ ಮುದ್ರಿತ ಚಿತ್ರಗಳನ್ನಷ್ಟೇ ಕಂಡವಳು. ಚಿತ್ರ ನೋಡಿ ಚಿತ್ರ ಬರೆಯುವುದು ನನಗೆ ಸರಿಯೆನಿಸಲಿಲ್ಲ.

ಎದುರಿಗೆ ಹೋಗಿ ನಿಲ್ಲಬಹುದಾದ, ಸುತ್ತು ಹಾಕಿ ನೋಡಬಹುದಾದ ಪ್ರಾಣಿಯೇ ಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. ಟಿಪ್ಪುವಿನ ಅರಮನೆಯ ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ಹೋಗಿ, ಸವಾರರನ್ನು ಹೊತ್ತು ಹಿಂಗಾಲುಗಳ ಮೇಲೆ ನೆಗೆದು ನಿಂತ ಕಂಬಗಳ ಯಾಳಿಗಳನ್ನು (ಸಿಂಹದಂಥ ಕಲ್ಪಿತ ಪ್ರಾಣಿಗಳು) ಮೂರು ಬೆಳಗ್ಗೆ ಬರೆದುಕೊಂಡೆ. ಅವುಗಳ ಬಲವೆಲ್ಲ ಕಲ್ಲು ಮುಂದಕ್ಕೆ ಚಾಚಿಕೊಂಡಿರುವುದರಲ್ಲಿದೆ. ಕಪ್ಪು ಬಿಳುಪಿನ ಚಪ್ಪಟೆ ಮುದ್ರಣದಲ್ಲಿ ಆ ಚಾಚು ಉಳಿಯಲಿಲ್ಲ.

ಮಕರ ಸಿಕ್ಕಿದ್ದು ಮನೆಯಲ್ಲಿಯೇ. ನವರಾತ್ರಿಗೆ ಮುಂಚೆ ಹನುಮಂತನಗರದ ನಮ್ಮ ಮನೆಯ ಹಿತ್ತಾಳೆಯ ಪ್ರಭಾವಳಿಯನ್ನು, ಎಂದರೆ ದೇವರ ವಿಗ್ರಹದ ಹಿಂದೆ ನಿಲ್ಲಿಸುವ ಕಮಾನನ್ನು, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನೆತ್ತಿಯಲ್ಲಿ ಸಿಂಹಲಲಾಟ ಎಂಬ ಸಿಂಹದ ಮುಖ, ಎರಡು ಬುಡಗಳಲ್ಲಿ ಎರಡು ಮಕರ. ಹೆಬ್ಬೆರಳು ಎಡಗಡೆಯ ಮಕರದ ಸೊಂಡಿಲ ಮೇಲೆ ಸರಿದಾಗ ಅದರ ಬುಡದಲ್ಲಿ ಸಣ್ಣ ಬಳೆಗಳಂಥ ಮಡಿಕೆಗಳು ತಾಗಿದವು. ಆನೆಯ ಸೊಂಡಿಲು ಮೊಸಳೆಯ ದವಡೆಗೆ ಸೇರುವ ಜಾಗ ಅದು. ಆ ಸೇರುವೆಯನ್ನು ಮುಚ್ಚುವುದಕ್ಕಾಗಿ ಎರಕದವನು ಆನೆಗೂ ಸೇರದ, ಮೊಸಳೆಗೂ ಸೇರದ ಮೂರನೆಯದೊಂದನ್ನು ಅಲ್ಲಿ ಇಟ್ಟಿದ್ದ.

ಅದಾದ ಎರಡು ವಾರಕ್ಕೆ, ಬನ್ನೂರಿನ ಹಾದಿಯಾಗಿ ಸೋಮನಾಥಪುರಕ್ಕೆ ಹೋಗಿ, ಅಲ್ಲಿನ 1258ರ ಕೇಶವ ದೇವಾಲಯದ ಗೋಡೆಯ ಮುಂದೆ ಇಡೀ ದಿನ ಕುಳಿತೆ. ಬುಡದಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆಗಳು, ಆಮೇಲೆ ಮಕರದ ಸಾಲು, ಅದರ ಮೇಲೆ ಹಂಸ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ಹಂದಿಯ ಮೈ, ನವಿಲಿನ ಬಾಲ ಎಂದು ಮಾರ್ಗದರ್ಶಿಗಳು ಪಟ್ಟಿ ಒಪ್ಪಿಸುತ್ತಾರೆ. ಪಟ್ಟಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಆ ಏಳೂ ಕೂಡುವ ಜಾಗಗಳು. ನೋಡುತ್ತ ನೋಡುತ್ತ ಶಾಲೆಯಲ್ಲಿ ಕಲಿತ ಸಂಧಿಗಳು ನೆನಪಾದವು. ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಲೋಪವಾಗುವಂತೆ, ಸೊಂಡಿಲು ಬಂದಲ್ಲಿ ಮೊಸಳೆಯ ಮೂತಿಯ ತುದಿ ಕಾಣೆಯಾಗಿದೆ. ‘ಮನೆಯನ್ನು’ ಎನ್ನುವಾಗ ನಡುವೆ ಯಕಾರ ಬಂದು ನಿಲ್ಲುವಂತೆ, ನಮ್ಮ ಪ್ರಭಾವಳಿಯ ಆ ಬಳೆಗಳು ಆಗಮವಾಗಿ ಬಂದಿವೆ. ‘ಮಳೆಗಾಲ’ದಲ್ಲಿ ಕಕಾರದ ಜಾಗಕ್ಕೆ ಗಕಾರ ಬರುವಂತೆ, ನವಿಲುಗರಿಯ ಜಾಗದಲ್ಲಿ ಸುರುಳಿ ಸುರುಳಿಯಾದ ಎಲೆಬಳ್ಳಿ ಬಂದು ಕೂತಿದೆ. ಕಲ್ಪಿತ ಪ್ರಾಣಿ ನಂಬಿಕೆ ಹುಟ್ಟಿಸುವುದು ಅದರ ಅಂಗಗಳಿಂದಲ್ಲ, ಈ ಸಂಧಿಗಳಿಂದ ಎಂದು ಅಲ್ಲಿ ನನಗೆ ಮನವರಿಕೆಯಾಯಿತು. ಗಂಗೆಯ ವಾಹನ, ವರುಣನ ವಾಹನ, ಮನ್ಮಥನ ಬಾವುಟದ ಗುರುತು ಎಂಬುದೆಲ್ಲ ಮಕರದ ಹಿರಿಮೆಯೇ ಸರಿ. ಆದರೆ ನಾನು ಅದನ್ನು ಆರಿಸಿದ್ದು ಹಿರಿಮೆ ನೋಡಿ ಅಲ್ಲ.

ಲಿನೋಲಿಯಂಗೂ ಅದು ಒಗ್ಗಿತು. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಡಿಸೆಂಬರ್‌ನ ಬೆಂಗಳೂರಿನ ಚಳಿಯಲ್ಲಿ ಲಿನೋ ಹಾಳೆಯೂ ಗಡುಸಾಗಿ ಉಳಿಯ ಕೆಳಗೆ ಪುಡಿಪುಡಿಯಾಗಿ ಒಡೆಯುತ್ತಿತ್ತು. ಹಾಗಾಗಿ ಪ್ರತಿ ದಿನ ತಾರಸಿಯ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬೆಚ್ಚಗಾದ ಮೇಲೆ ಕೆತ್ತುತ್ತಿದ್ದೆ. ಮೈಯ ಚಿಪ್ಪುಗಳಿಗೆ ಯು ಆಕಾರದ ಬಾಯಿಯ ಅಗಲವಾದ ಉಳಿ, ಕಿವಿಯ ಕೂದಲಿಗೆ ವಿ ಆಕಾರದ ಸಣ್ಣ ಉಳಿ. ಸೊಂಡಿಲ ಬುಡದ ಬಳೆಗಳಿಗೆ ಮಾತ್ರ ಒಂದೇ ಉಸಿರಿನಲ್ಲಿ, ಕೈ ಅಲುಗಾಡಿಸದೆ, ಹಾಳೆಯನ್ನೇ ತಿರುಗಿಸುತ್ತ ಗೆರೆ ಎಳೆಯಬೇಕಾಯಿತು.

ಮೊದಲನೆಯ ಹಾಳೆ ವ್ಯರ್ಥವಾಯಿತು. ಪ್ರಭಾವಳಿಯ ಎಡಗಡೆಯ ಮಕರವನ್ನು ತಿರುವುಮುರುವು ಮಾಡದೆ ನೇರವಾಗಿ ಹಾಳೆಗೆ ಇಳಿಸಿದ್ದರಿಂದ, ಮುದ್ರಿಸಿದಾಗ ಅದು ಬಲಕ್ಕೆ ಸೇರಬೇಕಾದ ಮಕರವಾಗಿ ಬಂತು. ಎರಡನೆಯ ಹಾಳೆಯಲ್ಲಿ ಟ್ರೇಸಿಂಗ್ ಕಾಗದವನ್ನು ಮಗುಚಿ ಹಾಕಿ ಮತ್ತೆ ಮೊದಲಿನಿಂದ ಕೆತ್ತಿದೆ. ಚಮಚದ ಬೆನ್ನಿನಿಂದ ಉಜ್ಜಿ ತೆಗೆದ ಇಪ್ಪತ್ತು ಪ್ರತಿಗಳಲ್ಲಿ ಹದಿನಾಲ್ಕು ಒಪ್ಪುವಂತೆ ಬಂದವು.

ಮೊದಲನೆಯ ಹಾಳೆಯನ್ನು ಬಲಗಡೆಯ ಮಕರವಾಗಿ ಬಳಸಿ ಜೋಡಿ ಪೂರೈಸಬಹುದಲ್ಲ ಎಂದು ಸಂತೆಯಲ್ಲಿ ಒಬ್ಬರು ಕೇಳಿದರು. ಮನೆಗೆ ಬಂದು ಪ್ರಭಾವಳಿಯನ್ನು ಇಳಿಸಿ ನೋಡಿದೆ. ಎಡಗಡೆಯ ಮಕರದ ಸೊಂಡಿಲ ಬುಡದಲ್ಲಿ ನಾಲ್ಕು ಬಳೆಗಳಿವೆ, ಬಲಗಡೆಯದಕ್ಕೆ ಐದು. ಐದು ಬಳೆಗಳ ಆ ಮಕರವನ್ನು ಈಗ ಹೊಸ ಹಾಳೆಯ ಮೇಲೆ ಬರೆದುಕೊಂಡಿದ್ದೇನೆ, ಈ ಬಾರಿ ಮಗುಚಿಯೇ.