ಪಂಚಮಿ ಹಬ್ಬ: ಅಳ್ಳು ಹುರಿಯುವುದರಿಂದ ಜೋಕಾಲಿ ಕಟ್ಟುವವರೆಗೆ

ನಾಗರ ಅಮಾವಾಸ್ಯೆ ಬಂತು ಅಂದರೆ ನಮ್ಮ ಬಾಗಲಕೋಟೆ ಕಡೆ ಅಣ್ಣತಮ್ಮಂದಿರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಅಕ್ಕನನ್ನೋ ತಂಗಿಯನ್ನೋ ಕರೆತರಲು ಹೊರಡಬೇಕು. ‘ಈ ಸಲ ಪಂಚಮಿಗೆ ಕರೀಲಿಕ್ಕೆ ಯಾರೂ ಬರಲಿಲ್ಲ’ ಎಂಬ ನೋವು ಹೆಣ್ಣುಮಕ್ಕಳ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದೀಪಾವಳಿ, ಯುಗಾದಿ ಎಲ್ಲರ ಹಬ್ಬ. ಪಂಚಮಿ ಮಾತ್ರ ತವರಿನ ಹಬ್ಬ.

ಇದರ ಬೇರು ಹಬ್ಬದ ಕಥೆಯಲ್ಲೇ ಇದೆ ಅನ್ನಿಸುತ್ತದೆ ನನಗೆ. ತಕ್ಷಕ ಕಚ್ಚಿ ಪರೀಕ್ಷಿತ ರಾಜ ಸತ್ತ. ಅವನ ಮಗ ಜನಮೇಜಯ ಸಿಟ್ಟಿನಿಂದ ಸರ್ಪಯಾಗ ಮಾಡಿದ. ಹಾವುಗಳೆಲ್ಲ ಬಂದು ಬೆಂಕಿಗೆ ಬೀಳತೊಡಗಿದವು. ಅದನ್ನು ನಿಲ್ಲಿಸಿದವನು ಆಸ್ತೀಕ. ಅವನ ತಾಯಿ ಜರತ್ಕಾರು, ನಾಗರಾಜ ವಾಸುಕಿಯ ತಂಗಿ. ಅಂದರೆ ತಂಗಿಯ ಮಗ ಬಂದು ಸೋದರಮಾವನ ಕುಲ ಉಳಿಸಿದ. ಯಾಗ ನಿಂತ ದಿನವೇ ಶ್ರಾವಣ ಶುದ್ಧ ಪಂಚಮಿ ಎಂದು ಹಿರಿಯರು ಹೇಳುತ್ತಾರೆ. ಮದುವೆಯಾಗಿ ಹೋದ ಮಗಳು ತವರನ್ನು ಕಾಯುತ್ತಾಳೆ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ಈಗ ಉಂಡಿಗಳು ಅಂಗಡಿಯಲ್ಲೇ ಸಿಗುತ್ತವೆ. ತರುವುದು ತಪ್ಪಲ್ಲ. ಆದರೆ ಮಗಳು ಹೊಸ್ತಿಲು ದಾಟುವಾಗ ಮನೆಯಲ್ಲಿ ಹುರಿದ ಶೇಂಗಾದ ವಾಸನೆ ಇರಬೇಕು. ಹೊಸದಾಗಿ ಸಂಸಾರ ಹೂಡಿದವರು, ಊರು ಬಿಟ್ಟು ನವನಗರದ ಸೆಕ್ಟರ್‌ಗಳಿಗೋ ಬೆಂಗಳೂರಿಗೋ ಹೋದವರು ಮಾಡಿಕೊಳ್ಳಲಿ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಅಳ್ಳು

ಅಳ್ಳು ಅಂದರೆ ಜೋಳದ ಅರಳು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಇದನ್ನು ಮುಗಿಸಿ. ರೊಟ್ಟಿಯ ಜೋಳ ಅಳ್ಳಿಗೆ ಬರುವುದಿಲ್ಲ. ಸಂತೆಯಲ್ಲಿ ‘ಅಳ್ಳಿನ ಜೋಳ’ ಎಂದೇ ಕೇಳಿ. ಕಾಳು ಸಣ್ಣದು, ಗಟ್ಟಿ. ಅರ್ಧ ಕಿಲೋ ಜೋಳಕ್ಕೆ ಒಂದು ಸಣ್ಣ ಲೋಟ ಬಿಸಿನೀರು ಚಿಮುಕಿಸಿ, ಕೈಯಾಡಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೆರಳಲ್ಲಿ ಹರವಿ ಆರಿಸಿ. ಮೇಲ್ಗಡೆ ಒಣಗಿರಬೇಕು, ಒಳಗೆ ಪಸೆ ಇರಬೇಕು. ಆ ಪಸೆಯೇ ಕಾಯ್ದು ಹಬೆಯಾಗಿ ಗಟ್ಟಿ ಸಿಪ್ಪೆಯನ್ನು ಒಡೆಯುತ್ತದೆ. ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದರೆ ಅರ್ಧಕ್ಕರ್ಧ ಕಾಳು ಅರಳದೆ ಉಳಿಯುತ್ತದೆ.

ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಕಾಳು ಹಾಕಿ ನೋಡಿ. ಚಟ್ ಅಂತ ಸಿಡಿದರೆ ಹದ ಬಂತು. ಒಂದು ಹಿಡಿಗಿಂತ ಜಾಸ್ತಿ ಹಾಕಬೇಡಿ. ಬಟ್ಟೆ ಸುತ್ತಿದ ಕೋಲಿನಿಂದ ಬೇಗ ಬೇಗ ಆಡಿಸಿ. ನಮ್ಮ ಅವ್ವ ಅಳ್ಳು ಹುರಿಯುವಾಗ ನಾವು ಮಕ್ಕಳು ಒಲೆಯ ಸುತ್ತ ಕೂರುತ್ತಿದ್ದೆವು. ಬಾಣಲೆಯಿಂದ ಹಾರಿ ನೆಲಕ್ಕೆ ಬಿದ್ದ ಅಳ್ಳು ಯಾರ ಹತ್ತಿರ ಬಿತ್ತೋ ಅವರದು. ಬಿಳೀ ಅಳ್ಳಿನ ತುದಿಗೆ ಒಂದು ಚೂರು ಕೆಂಪು ಸಿಪ್ಪೆ ಅಂಟಿಕೊಂಡಿರುತ್ತಿತ್ತು. ಬಾಯಿಗಿಟ್ಟರೆ ಬಿಸಿ ಮಾತ್ರ ನೆನಪು, ಅಳ್ಳು ಕರಗಿಯೇ ಹೋಗುತ್ತಿತ್ತು.

ಉಂಡಿ ಕಟ್ಟುವುದು

ರವೆ, ಬೇಸನ್, ಪುಟಾಣಿ, ಎಳ್ಳು, ಗುಳ್ಳಡಕಿ, ಅಂಟು ಹೀಗೆ ಉಂಡಿ ಹತ್ತಾರು ಬಗೆ. ಹೊಸಬರು ಶೇಂಗಾದಿಂದ ಶುರು ಮಾಡಿ. ಪಾಕದ ತಂಟೆ ಇಲ್ಲ. ಎರಡು ಬಟ್ಟಲು ಶೇಂಗಾ, ಒಂದು ಬಟ್ಟಲು ಪುಡಿ ಮಾಡಿದ ಬೆಲ್ಲ, ನಾಲ್ಕು ಯಾಲಕ್ಕಿ, ಅಷ್ಟೇ. ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಬಿಡಬೇಡಿ.

ಶೇಂಗಾವನ್ನು ಸಣ್ಣ ಉರಿಯಲ್ಲಿ ನಿಧಾನಕ್ಕೆ ಹುರಿಯಿರಿ. ಅವಸರ ಮಾಡಿದರೆ ಮೇಲೆ ಕಪ್ಪು, ಒಳಗೆ ಹಸಿ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಬೆಲ್ಲದ ಜೊತೆ ತರಿತರಿಯಾಗಿ ಕುಟ್ಟಿ. ಮಿಕ್ಸರ್ ಆದರೆ ಬಿಟ್ಟು ಬಿಟ್ಟು ತಿರುಗಿಸಿ. ಶೇಂಗಾ ತಾನೇ ಎಣ್ಣೆ ಬಿಡುತ್ತದೆ. ಬೆರಳು ಮಿಂಚತೊಡಗಿದಾಗ ಉಂಡಿಗೆ ಹದ ಬಂದಿದೆ ಎಂದು ಅರ್ಥ. ಮುಷ್ಟಿಯಲ್ಲಿ ಹಿಡಿದು ಮೊದಲು ಒತ್ತಿ, ಆಮೇಲೆ ಉರುಟು ಮಾಡಿ. ಒತ್ತದೆ ಉರುಟಿಸಿದರೆ ಒಡೆಯುತ್ತದೆ. ಎಳ್ಳುಂಡಿಗೂ ಇದೇ ಲೆಕ್ಕ.

ಗುಳ್ಳಡಕಿ, ಸೇವಿನ ಉಂಡಿಗೆ ಪಾಕ ಬೇಕು. ಕುದಿಯುವ ಬೆಲ್ಲದ ಒಂದು ಹನಿ ತಣ್ಣೀರಿಗೆ ಬಿಡಿ. ಬೆರಳಿಗೆ ಮೆತ್ತಗೆ ಉಂಡೆಯಾಗಿ ಬಂದರೆ ಇಳಿಸಿ. ಬಿಸಿ ಇರುವಾಗಲೇ, ಕೈಗೆ ತುಪ್ಪ ಸವರಿಕೊಂಡು ಇಬ್ಬರು ಕೂತು ಕಟ್ಟಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ ಇದು.

ರೊಟ್ಟಿ ಹಬ್ಬ

ನಾಗಪ್ಪನ ದಿನ ಒಲೆಯ ಮೇಲೆ ಹೆಂಚಿಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ಪದ್ಧತಿ ಇದೆ. ಹಾಗಾಗಿ ಚೌತಿಯ ಹಿಂದಿನ ದಿನವೇ ರೊಟ್ಟಿ ಬಡಿಯುತ್ತಾರೆ. ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಗುರೆಳ್ಳು ಪುಡಿ ಎಲ್ಲ ತಟ್ಟೆಯಲ್ಲಿಟ್ಟು ಓಣಿಯ ಮನೆಮನೆಗೆ ಬೀರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ನಿಮ್ಮ ಮಹಡಿಯ ನಾಲ್ಕು ಮನೆಗಾದರೂ ಕೊಡಿ. ಪಂಚಮಿಯ ದಿನ ಹಬೆಯಲ್ಲಿ ಬೇಯಿಸಿದ ಕಡಬು ಮಾಡಿದರಾಯಿತು.

ಹಾಲೆರೆಯುವುದು

ಕೆಲವರ ಮನೆಯಲ್ಲಿ ಚೌತಿಗೆ, ಕೆಲವರಲ್ಲಿ ಪಂಚಮಿಗೆ, ಕೆಲವರಲ್ಲಿ ಎರಡೂ ದಿನ. ನಿಮ್ಮ ಮನೆಯ ಹಿರಿಯರನ್ನು ಕೇಳಿ. ನಾಗರಕಲ್ಲಿಗೆ ಅಥವಾ ಮಣ್ಣಿನ ನಾಗಪ್ಪನಿಗೆ ನೀರು, ಅರಿಶಿನ, ಕುಂಕುಮ, ಹತ್ತಿಯ ಗೆಜ್ಜೆವಸ್ತ್ರ. ಮುಂದೆ ಅಳ್ಳು, ಎಳ್ಳಿನ ಚಿಗಳಿ, ತಂಬಿಟ್ಟು. ಕೊಬ್ಬರಿ ಬಟ್ಟಲಿನಿಂದಲೋ ಚಮಚದಿಂದಲೋ ಹಾಲು ಬಿಡುತ್ತ ‘ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು’ ಎಂದು ಒಬ್ಬೊಬ್ಬರ ಹೆಸರಲ್ಲಿ ಎರೆಯಬೇಕು. ದೂರದಲ್ಲಿರುವವರನ್ನೂ ಬಿಡುವುದಿಲ್ಲ. ಮನೆಯ ಜನರನ್ನೆಲ್ಲ ಹೀಗೆ ಬಾಯ್ತುಂಬ ನೆನೆಯುವ ಪೂಜೆ ನನಗೆ ಬೇರೆ ಕಂಡಿಲ್ಲ.

ನಮ್ಮ ನೆಲದಲ್ಲಿ ಈ ನಂಬಿಕೆ ಹಳೆಯದು. ಬಾದಾಮಿಯ ಮೊದಲ ಗುಹೆಯಲ್ಲಿ ತಲೆಯೆತ್ತಿ ನೋಡಿ. 6ನೇ ಶತಮಾನದ ಚಾಲುಕ್ಯರ ಶಿಲ್ಪಿ ಚಾವಣಿಯ ಕಲ್ಲಿನಲ್ಲಿ ಸುರುಳಿ ಸುತ್ತಿದ ನಾಗರಾಜನನ್ನು ಕಡೆದಿದ್ದಾನೆ. ಹಾಗೆಯೇ, ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರ ಕಂಡರೆ ಕೊಲ್ಲು ಅನ್ನುವವರನ್ನು 12ನೇ ಶತಮಾನದಲ್ಲಿ ಕೇಳಿದ ಬಸವಣ್ಣನವರೂ ನಮ್ಮವರೇ. ಹುಟ್ಟಿದ್ದು ಬಸವನ ಬಾಗೇವಾಡಿ, ಐಕ್ಯವಾದದ್ದು ಕೂಡಲಸಂಗಮ. ಆ ಮಾತನ್ನು ನಾವು ಹಬ್ಬದೊಳಗೇ ಇಟ್ಟುಕೊಳ್ಳಬೇಕು. ಹಾವು ಹಾಲು ಕುಡಿದು ಬದುಕುವ ಜೀವಿ ಅಲ್ಲ, ಇಲಿ ಕಪ್ಪೆ ತಿನ್ನುವಂಥದ್ದು. ಬಿಲದಲ್ಲಿ ಹಾಲು ಸುರಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಹುತ್ತಕ್ಕೆ ಹೋದರೂ ಹೊರಗೇ ನಾಲ್ಕು ಹನಿ ಬಿಡಿ ಸಾಕು. ಉಳಿದ ಹಾಲು ಮಕ್ಕಳಿಗೆ ಕೊಡಿ. ಬುಟ್ಟಿಯಲ್ಲಿ ಹಾವು ತಂದವರಿಗೆ ದುಡ್ಡು ಕೊಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಾಗರಹಾವು ಹಿಡಿದು ಆಡಿಸುವುದು ಅಪರಾಧ.

ಜೋಕಾಲಿ

ಬೇವಿನ ಮರದ ದಪ್ಪ ಟೊಂಗೆ ನೋಡಿ. ಹಗ್ಗ ಹೊಸದಿರಲಿ. ನಾನು ಚಿಕ್ಕವಳಿದ್ದಾಗ ಬಾವಿಯ ಹಳೇ ಹಗ್ಗ ಕಟ್ಟಿ, ಜೀಕುವಾಗ ಅದು ಹರಿದು ಮೊಣಕೈ ಮುರಿದುಕೊಂಡಿದ್ದೆ. ಟೊಂಗೆಗೆ ಮೊದಲು ಗೋಣಿಚೀಲ ಸುತ್ತಿ, ಅದರ ಮೇಲೆ ಹಗ್ಗ ಹಾಕಿ. ಇಲ್ಲವಾದರೆ ಉಜ್ಜಿ ಉಜ್ಜಿ ಹಗ್ಗ ಸವೆಯುತ್ತದೆ. ಕಟ್ಟಿದ ಮೇಲೆ ದೊಡ್ಡವರೊಬ್ಬರು ಕೂತು ಜಗ್ಗಿ ನೋಡಲಿ, ಆಮೇಲೆ ಮಕ್ಕಳು. ಮನೆಯೊಳಗೆ ಫ್ಯಾನಿನ ಕೊಂಡಿಗೆ ಮಾತ್ರ ಕಟ್ಟಬೇಡಿ.

ತಂಗಿ ಹೊರಡುವ ದಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕೊಬ್ಬರಿ ಬಟ್ಟಲು ಕೊಡುತ್ತಾರೆ. ಕೈ ಬಿಗಿ ಇದ್ದರೆ ಖಣವೊಂದೇ ಸಾಕು. ಚೀಲ ತುಂಬುವಾಗ ಡಬ್ಬಿಯ ತಳಕ್ಕೆ ಶೇಂಗಾ ಉಂಡಿ ಇಡಿ, ಹದಿನೈದು ದಿನ ಇರುತ್ತವೆ. ಮೇಲೆ ರವೆ ಉಂಡಿ, ಅವನ್ನು ಮೊದಲು ತಿಂದು ಮುಗಿಸಲಿ. ಅಳ್ಳಿನ ಗಂಟು ಮಾತ್ರ ಬಸ್ಸಿನಲ್ಲಿ ಅವಳ ತೊಡೆಯ ಮೇಲೇ ಇರಲಿ, ಚೀಲದಲ್ಲಿಟ್ಟರೆ ಪುಡಿಯಾಗುತ್ತದೆ.